ಪಕ್ಕದಲ್ಲಿ ಕೂರುವವಳು

ಅಡಿಲೇಡ್
೩ ಮಾರ್ಚ್ ೧೯೯೪

ಶ್ರೀಮತಿ ಎಲ್ಸಿ ಡ್ರೋವರ್ ಅವರಿಗೆ ನಮಸ್ಕಾರ.

ನನ್ನ ಹೆಸರು ನರೆಲ್ ಹಾರ್ಗ್ರೀವ್. ಇಲ್ಲಿನ ಒಂದು ವಾರಪತ್ರಿಕೆಗೆ ಬರೆಯುತ್ತೇನೆ. ಆಗಸ್ಟ್ ತಿಂಗಳಲ್ಲಿ ನಮ್ಮೂರಿನ ಗ್ಯಾಲರಿಯಲ್ಲಿ ನಿಮ್ಮ ಗಡಿಗೆಗಳ ಪ್ರದರ್ಶನ ಇದೆಯಲ್ಲ, ಅದಕ್ಕೆ ಮೊದಲು ನಿಮ್ಮ ಬಗ್ಗೆ ಒಂದು ದೊಡ್ಡ ಲೇಖನ ಬರೆಯುವ ಕೆಲಸವನ್ನು ಸಂಪಾದಕರು ನನಗೆ ವಹಿಸಿದ್ದಾರೆ. ಉತ್ತರದ ಮರುಭೂಮಿಯಲ್ಲಿರುವ ನಿಮ್ಮ ಕುಂಬಾರಿಕೆಯ ಶೆಡ್ಡಿಗೆ ಫೋನ್ ಮಾಡಿದ್ದೆ. ಎತ್ತಿಕೊಂಡವರು, "ಎಲ್ಸಿ ಫೋನಲ್ಲಿ ಮಾತಾಡಲ್ಲ ಕಣಮ್ಮ, ಕಾಗದ ಬರಿ. ಮನಸ್ಸು ಬಂದ್ರೆ ಉತ್ತರ ಬರೀತಾಳೆ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಒಂದು ಗಡಿಗೆಯನ್ನು ಇಲ್ಲಿನ ವಸ್ತುಸಂಗ್ರಹಾಲಯದ ಮೂಲನಿವಾಸಿ ಕಲೆಯ ಕೋಣೆಯಲ್ಲಿ ನೋಡಿದ್ದೇನೆ. ಮುಚ್ಚಳದ ಮೇಲೆ ಮಣ್ಣಿನ ಒಂದು ಕಪ್ಪು ಕಾಕಟೂ ಹಕ್ಕಿ ಕೂತಿರುತ್ತದೆ, ಅದು. ಗಡಿಗೆಯ ಸುತ್ತ ಬಣ್ಣದಲ್ಲಿ ಬರೆದ ಬೆಟ್ಟಗಳು ಹೋಗುತ್ತಲೇ ಇರುತ್ತವೆ. ಎಲ್ಲಿ ಶುರುವಾದವು ಎಂದು ಹುಡುಕುತ್ತ ನಾನೂ ಅದರ ಸುತ್ತ ನಡೆದೆ. ಬಾಗಿಲು ಹಾಕುವ ಹೊತ್ತಾಯಿತೆಂದು ಕಾವಲಿನವರು ಬಂದು ಹೇಳಿದಾಗಲೇ ಎಚ್ಚರವಾದದ್ದು.

ಪ್ರದರ್ಶನದ ನಡುವೆ ಇಡಲು ನೀವು ಸೊಂಟದೆತ್ತರದ ಒಂದು ಗಡಿಗೆ ಮಾಡಿದ್ದೀರಂತೆ, ಅದರ ಮೇಲೆ ನಿಮ್ಮ ತಂದೆಯ ನೆಲದ ಕಥೆಯನ್ನು ಬಣ್ಣದಲ್ಲಿ ಬರೆಯುತ್ತೀರಂತೆ. ಆ ಕಥೆ ಏನು ಎಂದು ತಿಳಿಸಬೇಕು. ನನ್ನ ಲೇಖನ ಆ ಗಡಿಗೆಯ ಮೇಲೇ ನಿಂತಿದೆ. ನಮ್ಮ ಪತ್ರಿಕೆಯ ಒಂದು ಸಂಚಿಕೆಯನ್ನೂ ಜೊತೆಗೆ ಕಳಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನರೆಲ್ ಹಾರ್ಗ್ರೀವ್


ಕಾರ್ಕ್‌ವುಡ್ ಬೋರ್
೨೧ ಮಾರ್ಚ್ ೧೯೯೪

ಪತ್ರಿಕೆಯ ಹುಡುಗಿಗೆ,

ನಿನ್ನ ಕಾಗದ ಟಪಾಲು ವಿಮಾನದಲ್ಲಿ ಬಂತು. ಫೋನು ನನಗೆ ಆಗಿಬರುವುದಿಲ್ಲ. ಫೋನ್ ಮಾಡಿದವರಿಗೆ ಅಲ್ಲೇ ಆಗಲೇ ಉತ್ತರ ಬೇಕು. ಕಾಗದವಾದರೆ ಚಹಾ ಡಬ್ಬಿಯ ಕೆಳಗಿಟ್ಟು ಎರಡು ದಿನ ಮರೆತರೂ ಮುನಿಸಿಕೊಳ್ಳುವುದಿಲ್ಲ.

ಇಲ್ಲಿ ಮಳೆ ಬಂದು ಹೋಯಿತು. ಕಾಡುಟೊಮೇಟೊ ಹಣ್ಣಾಗಿದೆ, ಹೆಂಗಸರೆಲ್ಲ ಅದರ ಹಿಂದೆ ಹೋಗಿ ಶೆಡ್ಡು ಖಾಲಿ. ನಾನು, ನಾಯಿಗಳು, ಅಷ್ಟೇ. ಅವುಗಳಲ್ಲಿ ಒಂದಕ್ಕೆ ಮೇಯರ್ ಎಂದು ಹೆಸರು. ಕೆಲಸ ಮಾಡುವುದಿಲ್ಲ, ಎಲ್ಲರ ಕೆಲಸದ ನಡುವೆ ಬಂದು ಮಲಗುತ್ತದೆ. ಕಳೆದ ಶನಿವಾರ ಫುಟ್‌ಬಾಲಿನಲ್ಲಿ ನಮ್ಮ ಹುಡುಗರು ಸೋತರು. ಅದನ್ನು ಬರೆಯಬೇಡ.

ಕೆಲಸದ ವಿಷಯ ಹೇಳುತ್ತೇನೆ. ನಮ್ಮಲ್ಲಿ ತಿಗರಿ ಇಲ್ಲ. ಮಣ್ಣನ್ನು ಬತ್ತಿ ಹೊಸೆದ ಹಾಗೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸುತ್ತೇವೆ. ನಮ್ಮ ಕಾಲ ಕೆಳಗಿನ ಕೆಂಪು ಮಣ್ಣು ಬೆಂಕಿಗೆ ಹೋದರೆ ಬಿರುಕು ಬಿಡುತ್ತದೆ. ಹಾಗಾಗಿ ಮಣ್ಣು ಚೀಲದಲ್ಲಿ ತುಂಬಿ ನಿಮ್ಮ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ನಿಮ್ಮ ಮಣ್ಣಿನ ಮೇಲೆ ನಮ್ಮ ನೆಲವನ್ನು ಬರೆಯುತ್ತೇವೆ. ಇದನ್ನು ಬೇಕಾದರೆ ಬರೆದುಕೋ.

ದೊಡ್ಡ ಗಡಿಗೆಯನ್ನು ಒಂದು ಸಲ ಸುಟ್ಟಾಗಿದೆ. ಬೆಳ್ಳಗೆ ಕೂತಿದೆ. ಬಣ್ಣ ಬಿದ್ದಿಲ್ಲ. ಪಕ್ಕದಲ್ಲಿ ಕೂರುವವರು ಬಂದಿಲ್ಲ, ಅದಕ್ಕೆ. ಮಧ್ಯಾಹ್ನ ತಗಡಿನ ಮಾಡು ಕಾದು ಟಿಕ್ ಟಿಕ್ ಎನ್ನುವಾಗ ಗಡಿಗೆಯೇ ಉಸಿರಾಡುತ್ತಿದೆ ಅನ್ನಿಸುತ್ತದೆ, ನಾನೂ ಅದರ ಎದುರು ಸುಮ್ಮನೆ ಕೂತುಬಿಡುತ್ತೇನೆ.

ಪತ್ರಿಕೆಯಲ್ಲಿ ನಿನ್ನ ಫೋಟೋ ಇತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದೀಯೆ. ತುಂಬಾ ಹೊತ್ತು ನೋಡಿದೆ. ನಿನ್ನ ಕಾಗದದಲ್ಲಿ ಹೆಸರಿದೆ, ಊರಿದೆ, ಕೆಲಸವಿದೆ, ಮುಖ್ಯವಾದದ್ದೇ ಇಲ್ಲ. ನೀನು ಯಾರ ಮಗಳು?

ಎಲ್ಸಿ


ಅಡಿಲೇಡ್
೬ ಏಪ್ರಿಲ್ ೧೯೯೪

ಎಲ್ಸಿ ಅವರಿಗೆ,

ನಿಮ್ಮ ಕಾಗದವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಮೇಯರ್ ನಮ್ಮಲ್ಲೂ ಒಬ್ಬರಿದ್ದಾರೆ ಎಂದು ಎಲ್ಲರೂ ನಕ್ಕರು. ಮಣ್ಣಿನ ಮಾತನ್ನು ಹಾಗೇ ಬಳಸುತ್ತೇನೆ.

ಸಹಾಯಕರಿಲ್ಲದೆ ಗಡಿಗೆ ನಿಂತುಹೋಗಿದೆ ಎಂದು ತಿಳಿದು ಬೇಸರವಾಯಿತು. ಗ್ಯಾಲರಿಯವರೊಂದಿಗೆ ಮಾತಾಡಿದೆ. ಯಾರಾದರೂ ಕಲಾಶಾಲೆಯ ವಿದ್ಯಾರ್ಥಿಯನ್ನು ಕೆಲವು ವಾರಗಳ ಮಟ್ಟಿಗೆ ನಿಮ್ಮಲ್ಲಿಗೆ ಕಳಿಸಲು ಅವರು ತಯಾರಿದ್ದಾರೆ. ಬಣ್ಣ ಕಲೆಸುವುದು, ಗಡಿಗೆ ತಿರುಗಿಸುವುದು, ಏನು ಬೇಕಾದರೂ ಮಾಡಿಕೊಡುತ್ತಾರೆ. ನೀವು ಹೂಂ ಎಂದರೆ ಸಾಕು.

ನನ್ನ ಬಗ್ಗೆ ಕೇಳಿದ್ದೀರಿ. ಹೇಳುವಂಥದ್ದೇನೂ ಇಲ್ಲ. ಈ ಲೇಖನ ನಿಮ್ಮದು, ನನ್ನದಲ್ಲ. ಬರೆಯುವವರು ಅಡ್ಡ ಬರಬಾರದು ಎಂದು ನಾನು ನಂಬಿದ್ದೇನೆ.

ಆದರೆ ಗಡಿಗೆಯ ಕಥೆ ಇನ್ನೂ ಸಿಕ್ಕಿಲ್ಲ. ದಯವಿಟ್ಟು ಅದನ್ನು ಬರೆದು ಕಳಿಸಿ. ಈಚೆಗೆ ನಿದ್ದೆಯಲ್ಲೂ ಆ ಬಿಳಿ ಗಡಿಗೆಯೇ ಕಾಣುತ್ತದೆ. ಕೋಣೆಯಷ್ಟು ದೊಡ್ಡದಾಗಿರುತ್ತದೆ, ಒಳಗಿನಿಂದ ಯಾರೋ ಮೆಲ್ಲಗೆ ತಟ್ಟುತ್ತಿರುತ್ತಾರೆ.

ನರೆಲ್


ಕಾರ್ಕ್‌ವುಡ್ ಬೋರ್
೨ ಮೇ ೧೯೯೪

ನರೆಲ್‌ಗೆ,

ವಿದ್ಯಾರ್ಥಿ ಬೇಡ. ಬಣ್ಣ ಕಲೆಸಲು ನನಗೇ ಕೈಯಿದೆ.

ನಾನು ಸರಿಯಾಗಿ ಹೇಳಲಿಲ್ಲ, ಈಗ ಹೇಳುತ್ತೇನೆ. ಆ ನೆಲ ನನ್ನ ತಂದೆಯದು, ಅವರ ತಂದೆಯದು. ಹಾಗಾಗಿ ಅದನ್ನು ಬರೆಯುವ ಹಕ್ಕು ನನಗಿದೆ. ಆದರೆ ಒಬ್ಬಳೇ ಕೂತು ಬರೆಯುವ ಹಾಗಿಲ್ಲ. ಆ ಮನೆಯ ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಹುಟ್ಟಿದವರು ಯಾರಾದರೂ ಪಕ್ಕದಲ್ಲಿ ಕೂತು ನೋಡಬೇಕು. ಸರಿಯಿದ್ದರೆ ಸುಮ್ಮನಿರುತ್ತಾರೆ, ತಪ್ಪಿದರೆ ತಡೆಯುತ್ತಾರೆ. ಕಥೆಯನ್ನು ಹೊರಗಿನವರಿಗೆ ಎಷ್ಟು ಹೇಳಬೇಕು ಎಂಬುದೂ ಅವರ ಕೈಯಲ್ಲೇ. ನೀನು ಕೇಳಿದ್ದನ್ನು ನಾನು ಬಚ್ಚಿಟ್ಟುಕೊಂಡಿಲ್ಲ. ಹೇಳುವವಳು ನಾನಲ್ಲ, ಅಷ್ಟೇ.

ನನ್ನ ದೊಡ್ಡಕ್ಕನ ಮಗ ಒಬ್ಬನಿದ್ದ. ಇಷ್ಟು ವರ್ಷ ಅವನೇ ಕೂರುತ್ತಿದ್ದ. ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ, ನನ್ನ ಕುಂಚ ಆಚೀಚೆ ಆದರೆ ಮಾತ್ರ ಅದು ಹೇಗೋ ಕಣ್ಣು ಬಿಡುತ್ತಿದ್ದ. ಹೋದ ಚಳಿಗಾಲ ತೀರಿಕೊಂಡ. ಅವನಿಗೆ ಒಡಹುಟ್ಟಿದವರಿಲ್ಲ, ನನಗೆ ಮಕ್ಕಳಾಗಲಿಲ್ಲ.

ತಂಗಿ ಒಬ್ಬಳಿದ್ದಳು. ರೈಲ್ವೆಯ ಗಂಡಸಿನ ಹಿಂದೆ ದಕ್ಷಿಣಕ್ಕೆ ಹೋದಳು. ಅವಳಿಗೆ ಮಕ್ಕಳಿರಬಹುದು. ಇದ್ದರೆ ಅವರು ಬಹಳ ದೂರದಲ್ಲಿ ಕೂತಿದ್ದಾರೆ.

ಯಾರೂ ಬಾರದಿದ್ದರೆ ಗಡಿಗೆ ಹಾಗೇ ಬಿಳಿಯಾಗಿ ಇರುತ್ತದೆ. ನಿನ್ನ ಊರಿಗೆ ಹಕ್ಕಿಯ ಗಡಿಗೆಗಳನ್ನು ಕಳಿಸುತ್ತೇನೆ. ಹಕ್ಕಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನನ್ನ ಕಣ್ಣು ಮಂಜಾಗುತ್ತಿದೆ. ಇನ್ನೊಂದು ವರ್ಷಕ್ಕೆ ಆ ಬೆಟ್ಟದ ಅಂಚು ಎಲ್ಲಿ ತಿರುಗುತ್ತದೆಂದು ಕೈಗೆ ಗೊತ್ತಿದ್ದರೂ ಕಣ್ಣಿಗೆ ಕಾಣುವುದಿಲ್ಲ. ನನ್ನ ತಂದೆಯ ನೆಲ ನನ್ನ ಜೊತೆ ಮುಗಿದುಹೋದೀತೆಂದು ಹೆದರಿಕೆಯಾಗುತ್ತದೆ. ಇದನ್ನು ಲೇಖನಕ್ಕೆ ಹಾಕಬೇಡ.

ಎಲ್ಸಿ


ಅಡಿಲೇಡ್
೧೯ ಮೇ ೧೯೯೪

ಎಲ್ಸಿ ಅವರಿಗೆ,

ಈ ಕಾಗದವನ್ನು ಬರೆದು ಹರಿದು, ಬರೆದು ಹರಿದು, ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನನ್ನ ಅಮ್ಮ ನಿಮ್ಮ ತಂಗಿ. ಅವರು ತೀರಿಕೊಂಡು ಐದು ವರ್ಷವಾಯಿತು. ತೀರಿಕೊಂಡವರ ಹೆಸರು ಆಡಬಾರದೆಂದು ಅವರೇ ಕಲಿಸಿದ್ದರು, ಹಾಗಾಗಿ ಬರೆಯುವುದಿಲ್ಲ. ಅಪ್ಪ ಪೋರ್ಟ್ ಆಗಸ್ಟಾದಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಅಮ್ಮ ಸಂಜೆ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಉತ್ತರದ ಕಡೆ ನೋಡುತ್ತಿದ್ದರು. ಏನಮ್ಮ ನೋಡ್ತಿದ್ದೀಯ ಎಂದರೆ, ಏನಿಲ್ಲ, ಗಾಳಿಗೆ ಕೂತಿದ್ದೀನಿ ಎನ್ನುತ್ತಿದ್ದರು. ಅವರ ಊರಿನ ಹೆಸರು, ಅಕ್ಕನ ಹೆಸರು, ಇಷ್ಟು ಮಾತ್ರ ನನಗೆ ಗೊತ್ತು. ಸಂಪಾದಕರು ಕಲಾವಿದರ ಪಟ್ಟಿ ಹಿಡಿದುಕೊಂಡು ಬಂದಾಗ ಅದರಲ್ಲಿ ನಿಮ್ಮ ಹೆಸರಿತ್ತು. ನಾನೇ ಕೈ ಎತ್ತಿ ಕೇಳಿಕೊಂಡೆ.

ಮೊದಲೇ ಹೇಳಿದರೆ ನೀವು ನೆಂಟಳೆಂಬ ದಾಕ್ಷಿಣ್ಯಕ್ಕೆ ಮಾತಾಡುತ್ತೀರಿ, ಲೇಖನ ಹಾಳಾಗುತ್ತದೆ ಎಂದುಕೊಂಡೆ. ಇನ್ನೊಂದು ಕಾರಣವೂ ಇದೆ. ನನಗೆ ನಿಮ್ಮ ಭಾಷೆ ಬರುವುದಿಲ್ಲ. ಆ ನೆಲವನ್ನು ನಾನು ಕಣ್ಣಿಂದ ಕಂಡಿಲ್ಲ. ಯಾರ ಮಗಳು ಎಂದು ಹೇಳಿದರೆ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಪಕ್ಕದಲ್ಲಿ ಕೂರಬೇಕಾದವಳು ನಾನು ಎಂದು ನಿಮ್ಮ ಕಾಗದ ಓದಿದಾಗ ತಿಳಿಯಿತು. ಆದರೆ ಯಾವುದು ಸರಿ, ಯಾವುದು ತಪ್ಪು ಎಂದು ಏನೂ ಗೊತ್ತಿಲ್ಲದವಳು ಅಲ್ಲಿ ಕೂತು ಮಾಡುವುದೇನು? ನೀವು ಏನು ಬರೆದರೂ ನಾನು ತಲೆಯಾಡಿಸುತ್ತೇನೆ. ಅದು ಮೋಸವಲ್ಲವೇ?

ನರೆಲ್


ಕಾರ್ಕ್‌ವುಡ್ ಬೋರ್
೩೦ ಮೇ ೧೯೯೪

ಮಗಳಿಗೆ,

ನನಗೆ ಗೊತ್ತಿತ್ತು. ಫೋಟೋ ನೋಡಿದ ಹೊತ್ತಿಗೇ ಗೊತ್ತಾಯಿತು. ಕಣ್ಣು ಹಾಗೆ ಕಿರಿದು ಮಾಡುವವರು ಲೋಕದಲ್ಲಿ ಇಬ್ಬರೇ, ಒಬ್ಬಳು ಹೋದಳು. ಅವಳು ಹೋದ ಸುದ್ದಿಯನ್ನು ರೈಲ್ವೆಯವರು ಯಾರೋ ತಂದಿದ್ದರು. ಆಗ ನಾನು ಸೂತಕಕ್ಕೆಂದು ತಲೆಗೂದಲು ಕತ್ತರಿಸಿಕೊಂಡು ಸ್ವಲ್ಪ ಕಾಲ ಬೇರೆ ಕಡೆ ಹೋಗಿ ಇದ್ದೆ.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯೆ. ನಮ್ಮಲ್ಲಿ ಬೇರೆ ಕಡೆಯಿಂದ ಬಂದವರು ನೇರ ಒಲೆಯ ಹತ್ತಿರ ಬರುವುದಿಲ್ಲ. ದೂರದಲ್ಲಿ ನೆಲದ ಮೇಲೆ ಕೂರುತ್ತಾರೆ, ಅತ್ತ ನೋಡುತ್ತಿರುತ್ತಾರೆ. ಒಳಗಿನವರೂ ಕಂಡೂ ಕಾಣದ ಹಾಗೆ ಇರುತ್ತಾರೆ. ಬಂದವರ ಜೀವ ಆ ಜಾಗಕ್ಕೆ ಹೊಂದಿಕೊಳ್ಳಲಿ ಎಂದು. ನೀನು ಅಡಿಲೇಡಿನಲ್ಲಿ ಕೂತಿದ್ದೆ. ನಾನು ಕಂಡೂ ಕಾಣದ ಹಾಗೆ ಇದ್ದೆ. ಅಷ್ಟು ದೂರ ಕೂತವಳನ್ನು ಕೂಗಿ ಕರೆಯುವುದು ಮರ್ಯಾದೆಯಲ್ಲ. ನೀನು ವಿದ್ಯಾರ್ಥಿಯನ್ನು ಕಳಿಸುತ್ತೇನೆ ಎಂದಾಗ ಮಾತ್ರ ಸಿಟ್ಟು ಬಂದಿತ್ತು, ಒಪ್ಪಿಕೊಳ್ಳುತ್ತೇನೆ.

ಏನೂ ಗೊತ್ತಿಲ್ಲ ಎನ್ನುತ್ತೀಯೆ. ಬಾ. ಗೊತ್ತಿಲ್ಲದವಳಾಗಿಯೇ ಬಾ. ನೋಡಲು ಕಣ್ಣಿದೆಯಲ್ಲ. ಜೂನ್‌ನಲ್ಲಿ ಚಳಿ ಇರುತ್ತದೆ, ಕಂಬಳಿ ತಾ. ಮೇಯರ್‌ಗೆ ಬಿಸ್ಕತ್ತು ತಂದರೆ ನಿನಗೇ ಒಳ್ಳೆಯದು.

ನಿನ್ನ ದೊಡ್ಡಮ್ಮ


ಅಡಿಲೇಡ್
೮ ಜುಲೈ ೧೯೯೪

ಪ್ರೀತಿಯ ದೊಡ್ಡಮ್ಮನಿಗೆ,

ಮರಳಿ ಬಂದು ಕೆಲವು ದಿನವಾಯಿತು. ಇಲ್ಲಿ ಮಳೆ ಹಿಡಿದಿದೆ. ಬೂಟಿನ ಮಡಿಕೆಯಲ್ಲಿ ಸೇರಿಕೊಂಡ ಕೆಂಪು ಮಣ್ಣನ್ನು ತೊಳೆಯಲು ಮನಸ್ಸು ಬಂದಿಲ್ಲ. ಅಲ್ಲಿಗೆ ಬಂದಿದ್ದೆನೋ ಇಲ್ಲವೋ ಎಂಬ ಹಾಗಾಗುತ್ತದೆ, ಆಗ ಬೂಟು ನೋಡುತ್ತೇನೆ.

ಮಣ್ಣಿನ ಚೀಲ ತರುವ ಲಾರಿಯಿಂದ ಇಳಿದು ನೀವು ಬರೆದಂತೆಯೇ ಶೆಡ್ಡಿಗೆ ದೂರದಲ್ಲಿ ನೆಲದ ಮೇಲೆ ಕೂತೆ. ಅರ್ಧ ದಿನ ಕೂತಿರಬಹುದು. ನೆರಳು ನನ್ನನ್ನು ದಾಟಿ ಆ ಕಡೆ ಹೋಯಿತು. ಮೊದಲು ನಾಯಿಗಳು ಬಂದವು. ಆಮೇಲೆ ನೀವು ಬಂದು ಪಕ್ಕದಲ್ಲಿ ಕೂತಿರಿ, ನನ್ನ ಮುಖ ನೋಡಲಿಲ್ಲ. ಇಬ್ಬರೂ ಅಮ್ಮನಿಗಾಗಿ ಅತ್ತೆವು. ಇಲ್ಲಿ ಅವರನ್ನು ಮಣ್ಣು ಮಾಡಿದ ದಿನ ನಾನು ಒಬ್ಬಳೇ ಅತ್ತಿದ್ದೆ. ಅಂದು ಅರ್ಧ ಅಳು ಉಳಿದಿತ್ತೆಂದು ನಿಮ್ಮ ಪಕ್ಕದಲ್ಲಿ ಕೂತಾಗ ತಿಳಿಯಿತು.

ಮಾರನೆಯ ದಿನ ನೀರಿನ ಹೊಂಡಕ್ಕೆ ಕರೆದುಕೊಂಡು ಹೋದಿರಿ. ಬಂಡೆಗಳ ಕಡೆ ತಿರುಗಿ, ಅಲ್ಲಿರುವ ತೀರಿಹೋದ ಹಿರಿಯರಿಗೆ ನೀವು ಕೂಗಿ ಹೇಳಿದ್ದು, ಆಮೇಲೆ ನನಗಾಗಿ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಇವಳು ನಮ್ಮ ಹುಡುಗಿ. ಬೇರೆ ಯಾರದ್ದೋ ಹೆಸರು ಹೊತ್ಕೊಂಡು ಬಂದವ್ಳೆ, ಅದಕ್ಕೆ ಗಾಬರಿ ಬೀಳ್ಬೇಡಿ. ಚೆನ್ನಾಗಿ ನೋಡ್ಕೊಳ್ಳಿ." ಹಾಗೆಂದು ನನ್ನ ನೆತ್ತಿಯ ಮೇಲೆ ತಣ್ಣನೆಯ ನೀರು ಸುರಿದಿರಿ. ನೀರಿನಲ್ಲಿ ಆಕಾಶ ಅಲುಗಾಡುತ್ತಿತ್ತು. ಬಿಳಿ ಮರಗಳು ತಲೆಕೆಳಗಾಗಿ ನಿಂತು ನಮ್ಮನ್ನು ನೋಡುತ್ತಿದ್ದವು.

ಹಿಂದಿರುಗುವಾಗ ಹತ್ತಿರದ ದಾರಿ ಕಣ್ಣೆದುರೇ ಇತ್ತು. ನೀವು ಅದನ್ನು ಬಿಟ್ಟು ಒಂದು ಜಾಗವನ್ನು ಸುತ್ತಿಕೊಂಡು ಹೋದಿರಿ. ಅತ್ತ ನೋಡಲೂ ಇಲ್ಲ, ಏನೂ ಹೇಳಲೂ ಇಲ್ಲ. ನಾನೂ ಕೇಳದೆ ಹಿಂದೆ ಬಂದೆ.

ಆಮೇಲಿನ ದಿನಗಳೆಲ್ಲ ಒಂದರೊಳಗೊಂದು ಕರಗಿಹೋಗಿವೆ. ನೀವು ಬರೆಯುತ್ತಿದ್ದಿರಿ, ನಾನು ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದೆ. ಬೆಟ್ಟ ಬಂತು, ಹೊಂಡ ಬಂತು, ಬಿಳಿ ಮರಗಳು ಬಂದವು. ನಾವು ನಡೆದ ದಾರಿಯೇ ಗಡಿಗೆಯ ಸುತ್ತ ತಿರುಗುತ್ತಿದೆ ಎಂದು ಗೊತ್ತಾಗಲು ನನಗೆ ಎಷ್ಟೋ ಹೊತ್ತು ಬೇಕಾಯಿತು. ಹಾಗೆ ಗೊತ್ತಾದಾಗ ನಿಮ್ಮ ಕುಂಚ ಆ ಜಾಗದ ಕಡೆಗೇ ಹೋಗುತ್ತಿತ್ತು. ಬಾಯಿ ತಾನಾಗಿ ತೆರೆಯಿತು. "ದೊಡ್ಡಮ್ಮ, ಅಲ್ಲಿ ನಾವು ಸುತ್ಕೊಂಡು ಹೋಗಿದ್ವಿ" ಎಂದೆ. ನಿಮ್ಮ ಕೈ ನಿಂತಿತು. ನೀವು ಕುಂಚ ತೊಳೆದಿಟ್ಟು ಚಹಾ ಕಾಯಿಸಲು ಹೋದಿರಿ. ಆ ಜಾಗ ಬಿಳಿಯಾಗಿಯೇ ಉಳಿಯಿತು.

ನೀವು ಅಂದು ನನ್ನನ್ನು ಪರೀಕ್ಷೆ ಮಾಡಿದಿರಾ? ಅಲ್ಲೇ ಕೇಳಲು ಧೈರ್ಯ ಬರಲಿಲ್ಲ.

ಲೇಖನ ಮುಗಿಯಿತು. ನಾನು ಇದುವರೆಗೆ ಬರೆದದ್ದರಲ್ಲಿ ಇದೇ ಒಳ್ಳೆಯದು ಎನ್ನಿಸುತ್ತಿದೆ. ಸಂಪಾದಕರಿಗೆ ಕೊಡುವ ಮೊದಲು ನಿಮಗೆ ಕಳಿಸುತ್ತಿದ್ದೇನೆ. ನಿಮಗೆ ಇಷ್ಟವಾದರೆ ಸಾಕು.

ನರೆಲ್


ಕಾರ್ಕ್‌ವುಡ್ ಬೋರ್
೨೦ ಜುಲೈ ೧೯೯೪

ಮಗಳಿಗೆ,

ಗಡಿಗೆ ಎರಡನೆಯ ಬೆಂಕಿಯಿಂದ ಚೆನ್ನಾಗಿ ಹೊರಬಂತು. ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಹೊದಿಕೆಗಳಲ್ಲಿ ಸುತ್ತಿ ಲಾರಿಗೆ ಹತ್ತಿಸಿದ್ದೇವೆ. ನಾನು ಬರುವುದಿಲ್ಲ, ಅಷ್ಟು ದೂರ ಕೂತರೆ ಕಾಲು ಊದುತ್ತದೆ. ನೀನು ಇದ್ದೀಯಲ್ಲ.

ಪರೀಕ್ಷೆ ಮಾಡಿದೆನೇ ಎಂದು ಕೇಳಿದ್ದೀಯೆ. ಹಾಗೆ ಹೇಳಿಕೊಂಡರೆ ನನಗೆ ದೊಡ್ಡಸ್ತಿಕೆ ಬರುತ್ತದೆ, ಆದರೆ ಅದು ಸುಳ್ಳು. ನನ್ನ ಕೈ ನಿಜವಾಗಿಯೂ ಹೋಗುತ್ತಿತ್ತು. ಆ ದಿನ ಬಣ್ಣ ಕೇಳಿದ ಹಾಗೆ ಬರುತ್ತಿತ್ತು, ಕೈ ಹಗುರವಾಗಿತ್ತು, ನಿಲ್ಲಿಸಲು ಮನಸ್ಸಿರಲಿಲ್ಲ. ಅದು ಹೊರಗಿನವರಿಗೆ ತೋರಿಸುವ ಜಾಗವಲ್ಲ, ಆದರೆ ಅಲ್ಲಿ ಬರೆದಿದ್ದರೆ ಬಹಳ ಚೆಂದ ಬರುತ್ತಿತ್ತು. ಚೆಂದ ಬರುತ್ತಿರುವಾಗ ಕೈಗೆ ಆಸೆ ಹತ್ತುತ್ತದೆ, ಯಾವ ಜಾಗ ಯಾರದ್ದು ಎನ್ನುವುದು ಮರೆತುಹೋಗುತ್ತದೆ. ಅದಕ್ಕೇ ಒಬ್ಬರು ಪಕ್ಕದಲ್ಲಿ ಕೂರುವುದು. ಚಹಾ ಕಾಯಿಸಲು ಹೋದವಳು ಒಲೆಯ ಮುಂದೆ ನಿಂತು ಅಳುತ್ತಿದ್ದೆ, ನಿನಗೆ ಗೊತ್ತಾಗಲಿಲ್ಲ. ಹೆದರಿಕೆಗೋ ಸಂತೋಷಕ್ಕೋ, ಎರಡೂ ಇತ್ತು.

ಈಗ ನಿನ್ನ ಲೇಖನ. ಶೆಡ್ಡಿನಲ್ಲಿ ಹೆಂಗಸರನ್ನೆಲ್ಲ ಕೂರಿಸಿಕೊಂಡು ಓದಿದೆ. ಮೇಯರ್‌ನ ವಿಷಯ ಬಂದಾಗ ನಕ್ಕು ನಕ್ಕು ಸಾಕಾಯಿತು. ಮಣ್ಣು ಹೊಸೆಯುವುದನ್ನು ಸರಿಯಾಗಿ ಬರೆದಿದ್ದೀಯೆ. ನನ್ನನ್ನು ನಾನು ಇರುವುದಕ್ಕಿಂತ ಒಳ್ಳೆಯವಳಾಗಿ ಮಾಡಿದ್ದೀಯೆ, ಅದಕ್ಕೆ ನನ್ನ ತಕರಾರಿಲ್ಲ.

ಓದುತ್ತ ಓದುತ್ತ, ನೀನು ನೀರಿನ ಹೊಂಡದಿಂದ ಹಿಂದಿರುಗುವ ಕಡೆ ಬಂದೆ. ನಾವು ಎಲ್ಲಿ ತಿರುಗಿದೆವು, ಯಾವ ಬಂಡೆ, ಆ ಜಾಗದ ಮೇಲೆ ಬೆಳಕು ಹೇಗಿತ್ತು ಎಂದೆಲ್ಲ ಬರೆದಿದ್ದೀಯೆ. ನಾನು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದೆ. ಲೇಖನದಲ್ಲಿ ಅದೇ ಎಲ್ಲಕ್ಕಿಂತ ಚೆಂದದ ಭಾಗ. ಅದನ್ನು ಬರೆಯುವಾಗ ನಿನ್ನ ಕೈ ಎಷ್ಟು ಹಗುರವಾಗಿತ್ತು ಎನ್ನುವುದು ಓದಿದರೆ ತಿಳಿಯುತ್ತದೆ.

ಮಗಳೇ, ಅಲ್ಲಿ ನಾವು ಸುತ್ತಿಕೊಂಡು ಹೋಗಿದ್ದೆವು.

ಹೊರಗಿನವರಿಗೆ ಎಷ್ಟು ಹೇಳಬೇಕು ಎನ್ನುವುದು ನಿನ್ನ ಕೈಯಲ್ಲಿದೆ ಎಂದು ನಾನೇ ಬರೆದಿದ್ದೆ. ಅದು ಈಗಲೂ ಹೌದು. ಆದರೆ ಗಡಿಗೆಗೆ ನಾನು ಬರೆಯುವವಳು, ನೀನು ಕೂತವಳು. ಲೇಖನಕ್ಕೆ ನೀನು ಬರೆಯುವವಳು. ಹಾಗಾಗಿ ಈ ಸಲ ನಾನು ಕೂತಿದ್ದೇನೆ. ನೋಡಿದ್ದನ್ನು ಹೇಳಿದೆ. ಉಳಿದದ್ದು ನಿನ್ನದು.

ದೊಡ್ಡಮ್ಮ


ಅಡಿಲೇಡ್
೧೪ ಆಗಸ್ಟ್ ೧೯೯೪

ಪ್ರೀತಿಯ ದೊಡ್ಡಮ್ಮನಿಗೆ,

ನಿಮ್ಮ ಕಾಗದ ಓದಿದ ದಿನ ನಿಮ್ಮ ಮೇಲೆ ಸಿಟ್ಟು ಬಂತು. ಆ ಭಾಗಕ್ಕಾಗಿಯೇ ನಾನು ಆ ಲೇಖನ ಬರೆದ ಹಾಗಿತ್ತು. ಸಮುದ್ರದ ದಂಡೆಗೆ ಹೋಗಿ ಕತ್ತಲಾಗುವ ತನಕ ನಡೆದೆ. ತಿರುಗಿದ ಕಡೆಯ ಗುರುತು ತೆಗೆದರೆ ಸಾಲದೇ, ಬಂಡೆಯನ್ನು ಬೇರೆ ಬಂಡೆ ಮಾಡಿದರೆ ಆಗದೇ ಎಂದು ಲೆಕ್ಕ ಹಾಕಿದೆ. ಯಾವ ಲೆಕ್ಕಕ್ಕೂ ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದು ಅಷ್ಟನ್ನೂ ತೆಗೆದುಹಾಕಿದೆ.

ಸಂಪಾದಕರು ಓದಿ, ನಡುವೆ ಏನೋ ತಪ್ಪಿಹೋಗಿದೆ, ಹೊಂಡದ ಹತ್ತಿರ ಇದ್ದವರು ಇದ್ದಕ್ಕಿದ್ದಂತೆ ಶೆಡ್ಡಿನಲ್ಲಿದ್ದಾರಲ್ಲ, ಬಂದದ್ದು ಹೇಗೆ ಎಂದು ಕೇಳಿದರು. ಬಂದರು, ಅಷ್ಟೇ ಎಂದೆ. ಅಲ್ಲಿ ಎರಡು ಸಾಲು ಸೇರಿಸು ಎಂದರು. ಆಗುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿ ಹಾಗೇ ಅಚ್ಚಿಗೆ ಕಳಿಸಿದರು. ಲೇಖನ ಆ ಕಡೆ ಸ್ವಲ್ಪ ಕುಂಟುತ್ತದೆ. ಅದನ್ನು ನಾನು ಬಲ್ಲೆ.

ಇಷ್ಟು ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ತಪ್ಪು ತಿದ್ದಿದವರಿದ್ದಾರೆ, ಉದ್ದವಾಯಿತೆಂದು ಕತ್ತರಿಸಿದವರಿದ್ದಾರೆ. ಇದು ನಿನ್ನ ಮನೆಯದು, ಅದಕ್ಕೇ ನಿಲ್ಲು ಎಂದವರು ಒಬ್ಬರೂ ಇರಲಿಲ್ಲ. ಅಮ್ಮ ಹೋದ ಮೇಲೆ ನಾನು ಎಲ್ಲಿಗೆ ಹೋದರೂ ತಡೆಯುವವರಿಲ್ಲ ಎಂದು ತಿರುಗುತ್ತಿದ್ದೆ, ಅದನ್ನು ಸ್ವಾತಂತ್ರ್ಯ ಎಂದೂ ಕರೆಯುತ್ತಿದ್ದೆ. ಸಿಟ್ಟು ಇಳಿದ ಮೇಲೆ ನಿಮ್ಮ ಕಾಗದವನ್ನು ಮತ್ತೆ ಓದಿ ಬಹಳ ಹೊತ್ತು ಅತ್ತೆ. ನನಗೆ ಈಗ ಭಯವಿಲ್ಲ, ದೊಡ್ಡಮ್ಮ.

ನಿನ್ನೆ ಪ್ರದರ್ಶನ ಶುರುವಾಯಿತು. ಗಡಿಗೆಯನ್ನು ನಡುವಿನ ಕೋಣೆಯಲ್ಲಿ ಇಟ್ಟಿದ್ದಾರೆ, ಮೇಲಿನ ಕಿಟಕಿಯಿಂದ ಬೆಳಕು ಬೀಳುವ ಹಾಗೆ. ಜನ ಅದರ ಸುತ್ತ ಮೆಲ್ಲಗೆ ನಡೆಯುತ್ತಾರೆ, ಮಾತು ಸಣ್ಣದಾಗುತ್ತದೆ. ಬಿಳಿಯಾಗಿ ಬಿಟ್ಟ ಜಾಗಕ್ಕೆ ಬಂದಾಗ ಎಲ್ಲರೂ ಒಂದು ಕ್ಷಣ ನಿಲ್ಲುತ್ತಾರೆ. ಒಬ್ಬ ಹೆಂಗಸು, ಇಲ್ಲಿ ಬರೆಯುವುದು ಬಾಕಿ ಉಳಿಯಿತೇ ಎಂದು ಗ್ಯಾಲರಿಯವರನ್ನು ಕೇಳಿದರು. ಅವರಿಗೆ ಗೊತ್ತಿರಲಿಲ್ಲ. ನನ್ನ ಕಡೆ ಕೈ ತೋರಿಸಿದರು.

"ಬಾಕಿ ಏನಿಲ್ಲ, ಮುಗಿದಿದೆ" ಎಂದೆ. ಹಾಗಾದರೆ ಅಲ್ಲಿ ಏನಿದೆ ಎಂದು ಅವರು ಕೇಳಿದರು. ಆ ಪ್ರಶ್ನೆಯನ್ನು ಮಾರ್ಚ್ ತಿಂಗಳಿಂದ ನಾನೇ ಎಷ್ಟು ಸಲ ಕೇಳಿದ್ದೆ. ನಾನು ನಕ್ಕು, ಅವರೂ ನಿಂತು ನೋಡಲೆಂದು ಪಕ್ಕಕ್ಕೆ ಸರಿದೆ. ಅವರು ನನ್ನ ಪಕ್ಕದಲ್ಲೇ ನಿಂತು ನೋಡುತ್ತ ಉಳಿದರು.

ನಿಮ್ಮ ಮಗಳು